ಪದ ಪರಿಚಯ: ಸದನದ ಭರವಸೆ

ಬೆಂಗಳೂರಿನಲ್ಲಿ ಅಧಿವೇಶನ ಶುರುವಾದರೆ ಸಾಕು, 'ಸಚಿವರು ಸದನದಲ್ಲಿ ಭರವಸೆ ನೀಡಿದರು' ಎಂಬ ಸಾಲು ದಿನವೂ ಪೇಪರಿನಲ್ಲಿ ಇರುತ್ತದೆ. ಓದಿದವರು ಒಂದು ಸಲ ನಕ್ಕು ಪುಟ ತಿರುಗಿಸುತ್ತಾರೆ. ಭರವಸೆ ತಾನೆ, ಐದು ವರ್ಷಕ್ಕೊಮ್ಮೆ ಮನೆ ಬಾಗಿಲಿಗೇ ಬರುತ್ತದಲ್ವಾ? ಆದರೆ ಮೈಕಿನ ಮುಂದೆ ಕೊಟ್ಟ ಮಾತು ಬೇರೆ, ಸದನದಲ್ಲಿ ಕೊಟ್ಟ ಮಾತು ಬೇರೆ. ಎರಡನೆಯದಕ್ಕೆ ಗಡುವು ಇದೆ. ಬೆನ್ನು ಹತ್ತಲು ಸಮಿತಿ ಇದೆ. ಈಡೇರದಿದ್ದರೆ ಯಾಕೆ ಆಗಲಿಲ್ಲ ಎಂದು ಇಲಾಖೆ ಬರೆದು ಕೊಡಬೇಕು.

ಸಚಿವರೊಬ್ಬರು ಪ್ರಶ್ನೆಗೆ ಉತ್ತರಿಸುವಾಗ ಅಥವಾ ಚರ್ಚೆಯ ನಡುವೆ 'ಈ ಬಗ್ಗೆ ಪರಿಶೀಲಿಸುತ್ತೇವೆ', 'ಕ್ರಮ ಕೈಗೊಳ್ಳುತ್ತೇವೆ', 'ಮಾಹಿತಿ ತರಿಸಿ ಸದನದ ಮುಂದೆ ಇಡುತ್ತೇವೆ' ಎಂದರೆ ಅದನ್ನು ಭರವಸೆ ಎಂದು ಲೆಕ್ಕಕ್ಕೆ ತೆಗೆದುಕೊಳ್ಳಲಾಗುತ್ತದೆ. ಸಂಸತ್ತಿನಲ್ಲಾದರೆ ಸಂಸದೀಯ ವ್ಯವಹಾರಗಳ ಸಚಿವಾಲಯ ಕಲಾಪದ ದಾಖಲೆಯಿಂದ ಇಂಥ ಮಾತುಗಳನ್ನು ಹೆಕ್ಕಿ ಆಯಾ ಇಲಾಖೆಗೆ ಕಳಿಸುತ್ತದೆ. ಈಡೇರಿಸಲು ಮೂರು ತಿಂಗಳು ಕಾಲಾವಕಾಶ. ಆದ ಮೇಲೆ ಅನುಷ್ಠಾನ ವರದಿಯನ್ನು ಸದನದಲ್ಲಿ ಮಂಡಿಸಬೇಕು. ಆಗದಿದ್ದರೆ ಇನ್ನಷ್ಟು ಸಮಯ ಕೇಳಬೇಕು, ಇಲ್ಲವೇ ಇದನ್ನು ಕೈಬಿಡಿ ಎಂದು ಕಾರಣ ಕೊಟ್ಟು ಬೇಡಿಕೊಳ್ಳಬೇಕು. ಇದನ್ನೆಲ್ಲ ನೋಡಿಕೊಳ್ಳುವುದು ಸರ್ಕಾರಿ ಭರವಸೆಗಳ ಸಮಿತಿ. ಲೋಕಸಭೆಯಲ್ಲಿ ಇದು 1953ರಿಂದ ಇದೆ, 15 ಸದಸ್ಯರು. ರಾಜ್ಯಸಭೆಯಲ್ಲಿ 1972ರಿಂದ, 10 ಸದಸ್ಯರು. ನಮ್ಮ ವಿಧಾನಮಂಡಲದಲ್ಲೂ ಇದೇ ಹೆಸರಿನ ಸಮಿತಿ ಇದೆ.

ಇಲ್ಲಿ ಬಹಳ ಜನ ಎಡವುವ ಒಂದು ಜಾಗ ಇದೆ. ಭರವಸೆ ಎನಿಸಿಕೊಳ್ಳುವುದು ಸಚಿವರ ಮಾತು ಮಾತ್ರ. ಸದಸ್ಯರು ಎಷ್ಟೇ ಹಿರಿಯರಿರಲಿ, ಎಷ್ಟೇ ಚೆನ್ನಾಗಿ ಮಾತಾಡಿರಲಿ, ಅವರ ಭಾಷಣ ಭರವಸೆಯಾಗುವುದಿಲ್ಲ. ಅದು ದಾಖಲೆಯಲ್ಲಿ ಉಳಿಯುತ್ತದೆ. ಆ ಮಾತಿಗಾಗಿ ಅವರನ್ನು ಕೋರ್ಟಿಗೆ ಎಳೆಯುವಂತಿಲ್ಲ, ಸಂಸದರಿಗೆ ಸಂವಿಧಾನದ 105ನೇ ವಿಧಿ ಆ ರಕ್ಷಣೆ ಕೊಡುತ್ತದೆ. ಅಷ್ಟೇ. ಭಾಷಣದ ತುಣುಕು ವಾಟ್ಸಾಪಿನಲ್ಲಿ ಹತ್ತು ಗ್ರೂಪು ಸುತ್ತಿದರೂ ಯಾವ ಇಲಾಖೆಯ ಮೇಜಿನ ಮೇಲೂ ಅದರಿಂದ ಒಂದು ಕಡತ ಹುಟ್ಟುವುದಿಲ್ಲ. ಪಳಗಿದ ಸದಸ್ಯರಿಗೆ ಇದು ಗೊತ್ತು. ಅವರು ಮಾತಾಡುವುದು ಎದುರಿಗೆ ಕೂತ ಸಚಿವರ ಬಾಯಿಂದ ಒಂದು ಸಾಲು ಹೊರಡಿಸಲು.

ಒಂದು ಉದಾಹರಣೆ ನೋಡಿ. ಸೇನೆಯವರ ಪಿಂಚಣಿ, ಅಂಗವೈಕಲ್ಯ ಭತ್ಯೆ, ಬಡ್ತಿಯ ವ್ಯಾಜ್ಯಗಳನ್ನು ಕೇಳಲು ಸಶಸ್ತ್ರ ಪಡೆಗಳ ನ್ಯಾಯಮಂಡಳಿ ಇದೆ. 2007ರ ಕಾಯ್ದೆಯಿಂದ ಬಂದದ್ದು, 2009ರಲ್ಲಿ ಕೆಲಸ ಶುರುವಾಯಿತು. ಕರ್ನಾಟಕ ಅದರ ಕೊಚ್ಚಿ ಪೀಠದ ವ್ಯಾಪ್ತಿಗೆ ಬರುತ್ತದೆ. ಹಲಸೂರಿನಲ್ಲಿರುವ ಸೇನಾ ಎಂಜಿನಿಯರುಗಳ ಎಂಇಜಿ ಸೆಂಟರ್, ಜಾಲಹಳ್ಳಿಯ ವಾಯುಪಡೆ ನೆಲೆ, ಸೇನೆಯ ಸರಬರಾಜು ವಿಭಾಗದ ಎಎಸ್‌ಸಿ ಸೆಂಟರ್, ಪ್ಯಾರಾ ರೆಜಿಮೆಂಟಿನ ತರಬೇತಿ ಕೇಂದ್ರ, ಇಷ್ಟೆಲ್ಲ ಇರುವ ಊರು ಬೆಂಗಳೂರು. ನಿವೃತ್ತರಾಗಿ ಇಲ್ಲೇ ನೆಲೆ ನಿಂತವರೂ ಬಹಳ. ಆದರೂ ಕೇಸು ಹಾಕಬೇಕಾದರೆ ಕೊಚ್ಚಿಯ ಕಡೆ ನೋಡಬೇಕು.

ಈಗ ಒಬ್ಬ ಸಂಸದರು ಎದ್ದು 'ದೇಶಕ್ಕಾಗಿ ರಕ್ತ ಸುರಿಸಿದವರಿಗೆ ನ್ಯಾಯ ಸಿಗಬೇಕು' ಎಂದು ಐದು ನಿಮಿಷ ಮಾತಾಡಿದರು ಎಂದಿಟ್ಟುಕೊಳ್ಳಿ. ಎಲ್ಲರೂ ಮೇಜು ಕುಟ್ಟುತ್ತಾರೆ. ಸಚಿವರೂ ಕುಟ್ಟುತ್ತಾರೆ, ಅವರಿಗೇನು ಕಷ್ಟ? ಅದರ ಬದಲು ಇನ್ನೊಬ್ಬರು ಮೂರು ಸಾಲಿನ ಪ್ರಶ್ನೆ ಬರೆದು ಕೊಟ್ಟರು: ಬೆಂಗಳೂರಿನಲ್ಲಿ ಪೀಠ ತೆರೆಯುವ ಪ್ರಸ್ತಾವ ಇದೆಯೇ? ಕರ್ನಾಟಕದಿಂದ ಹೋದ ಎಷ್ಟು ಅರ್ಜಿ ಬಾಕಿ ಇವೆ? ಯಾವಾಗ ತೀರ್ಮಾನಿಸುತ್ತೀರಿ? ಇದಕ್ಕೆ 'ಪರಿಶೀಲನೆಯಲ್ಲಿದೆ' ಎಂಬ ಒಂದು ಸಾಲು ಉತ್ತರ ಬಂದರೂ ಗಡಿಯಾರ ಓಡಲು ಶುರುವಾಗುತ್ತದೆ. ಅದಕ್ಕೇ ನನಗೆ ಕಂಬನಿ ತರಿಸುವ ಭಾಷಣಕ್ಕಿಂತ ಸಪ್ಪೆ ಪ್ರಶ್ನೆಯ ಮೇಲೆ ನಂಬಿಕೆ ಜಾಸ್ತಿ. ಇಲಾಖೆಗಳಿಗೂ ಇದು ಗೊತ್ತು. ಹಾಗಾಗಿ 'ಸದ್ಯಕ್ಕೆ ಅಂತಹ ಪ್ರಸ್ತಾವ ಇಲ್ಲ' ಎಂದು ಬರೆದು ಕೈತೊಳೆದುಕೊಳ್ಳುವುದೂ ಉಂಟು. ಆ ಉತ್ತರದಲ್ಲಿ ಭರವಸೆ ಇಲ್ಲ, ಬೆನ್ನು ಹತ್ತಲು ಏನೂ ಸಿಗುವುದಿಲ್ಲ.

ಸದನದ ಭರವಸೆಗೆ ಎಷ್ಟು ಬಲ, ಎಲ್ಲಿಗೆ ಅದರ ಬಲ ಮುಗಿಯುತ್ತದೆ ಎಂದು ತಿಳಿಯಲು 'ಒಂದು ಶ್ರೇಣಿ, ಒಂದು ಪಿಂಚಣಿ'ಯ ಕತೆಗಿಂತ ಒಳ್ಳೆಯ ಪಾಠ ಇಲ್ಲ. ಮಾಜಿ ಸೈನಿಕರು ಒಆರ್‌ಒಪಿ ಎನ್ನುವುದು ಇದನ್ನೇ. ಇಬ್ಬರು ಹವಾಲ್ದಾರರು, ಇಬ್ಬರದ್ದೂ ಅಷ್ಟೇ ವರ್ಷದ ಸೇವೆ. ಒಬ್ಬರು 1995ರಲ್ಲಿ ನಿವೃತ್ತರಾದರು, ಇನ್ನೊಬ್ಬರು 2013ರಲ್ಲಿ. ನಡುವೆ ವೇತನ ಆಯೋಗಗಳು ಬಂದು ಸಂಬಳ ಏರಿಸಿದ್ದರಿಂದ ಎರಡನೆಯವರ ಪಿಂಚಣಿ ಜಾಸ್ತಿ. ವಯಸ್ಸಾದವರಿಗೇ ಕಡಿಮೆ ಬರುತ್ತದೆ. ಇಬ್ಬರಿಗೂ ಒಂದೇ ಪಿಂಚಣಿ ಕೊಡಿ ಎಂಬುದು ಬೇಡಿಕೆ.

ಮೊದಲು ಇದು ಕೋರ್ಟಿಗೆ ಹೋಯಿತು. ಪಿಂಚಣಿ ಸರ್ಕಾರದ ದಯೆಯಲ್ಲ, ದುಡಿದವರ ಹಕ್ಕು ಎಂದು ಸುಪ್ರೀಂ ಕೋರ್ಟು 1982ರ ಡಿಸೆಂಬರ್ 17ರಂದು ನಕಾರಾ ಪ್ರಕರಣದಲ್ಲಿ ಹೇಳಿತ್ತು. ಪಿಂಚಣಿದಾರರ ದಿನ ಎಂದು ಆಚರಿಸುವುದು ಅದೇ ದಿನವನ್ನು. ಅದನ್ನು ಹಿಡಿದು ಮಾಜಿ ಸೈನಿಕರು ಹೋದಾಗ, 1991ರಲ್ಲಿ ಅದೇ ಕೋರ್ಟು ನಕಾರಾ ತೀರ್ಪನ್ನು ಅಷ್ಟು ಹಿಗ್ಗಿಸಲು ಆಗದು, ಎಲ್ಲರಿಗೂ ಒಂದೇ ಮೊತ್ತ ಕೊಡಬೇಕು ಎಂದು ಅದರಲ್ಲಿ ಇಲ್ಲ ಎಂದಿತು. ಅಲ್ಲಿಗೆ ನ್ಯಾಯಾಲಯದ ದಾರಿ ಬಹುಮಟ್ಟಿಗೆ ಮುಚ್ಚಿತು. ಉಳಿದದ್ದು ಸರ್ಕಾರದ ನೀತಿಯನ್ನೇ ಬದಲಿಸುವ ದಾರಿ, ಅಂದರೆ ಸಂಸತ್ತು.

ಸಂಸತ್ತಿನಲ್ಲಿ ಇದನ್ನು ಬಿಡದೆ ಎತ್ತಿದವರಲ್ಲಿ ರಾಜೀವ್ ಚಂದ್ರಶೇಖರ್ ಒಬ್ಬರು. ಕರ್ನಾಟಕದಿಂದ 2006ರಲ್ಲಿ ರಾಜ್ಯಸಭೆಗೆ ಹೋದವರು, ವಾಯುಪಡೆ ಅಧಿಕಾರಿಯ ಮಗ. ಅವರ ರಾಜಕೀಯ ಒಪ್ಪುವವರು, ಒಪ್ಪದವರು ಇಬ್ಬರೂ ಇದ್ದಾರೆ, ಇಲ್ಲಿ ಅದು ಬೇಡ. ನೋಡಬೇಕಾದ್ದು ಅವರು ಹಿಡಿದ ದಾರಿ. ಭಾಷಣದ ಜೊತೆಗೆ ಅವರು ಒಂದು ಸಾರ್ವಜನಿಕ ಅರ್ಜಿಗೆ ಸಹಿ ಹಾಕಿ ಸದನದ ಮುಂದೆ ತಂದರು. ಅದು ರಾಜ್ಯಸಭೆಯ ಅರ್ಜಿಗಳ ಸಮಿತಿಗೆ ಹೋಯಿತು. ಭಗತ್ ಸಿಂಗ್ ಕೋಶ್ಯಾರಿ ಅಧ್ಯಕ್ಷತೆಯ ಆ ಸಮಿತಿ 2011ರ ಡಿಸೆಂಬರ್‌ನಲ್ಲಿ ವರದಿ ಕೊಟ್ಟು, ಬೇಡಿಕೆ ನ್ಯಾಯವಾದದ್ದು, ಜಾರಿ ಮಾಡಿ ಎಂದಿತು. ಆಗಿನ ಲೆಕ್ಕದಲ್ಲಿ ವರ್ಷಕ್ಕೆ ಸುಮಾರು 1,300 ಕೋಟಿ ರೂಪಾಯಿ ಬೇಕಾಗುತ್ತಿತ್ತು.

ಆಮೇಲೆ ಸಚಿವರ ಮಾತುಗಳ ಸರದಿ. 2014ರ ಫೆಬ್ರುವರಿ 17ರಂದು ಮಧ್ಯಂತರ ಬಜೆಟ್ ಓದುತ್ತಾ ಹಣಕಾಸು ಸಚಿವ ಚಿದಂಬರಂ, ಸರ್ಕಾರ ಈ ತತ್ವವನ್ನು ಒಪ್ಪಿದೆ ಎಂದು ಹೇಳಿ 500 ಕೋಟಿ ರೂಪಾಯಿ ತೆಗೆದಿರಿಸಿದರು. ಸರ್ಕಾರ ಬದಲಾಯಿತು. ಜುಲೈನ ಬಜೆಟ್‌ನಲ್ಲಿ ಅರುಣ್ ಜೇಟ್ಲಿ ಮತ್ತೆ 1,000 ಕೋಟಿ ಎಂದರು. ಡಿಸೆಂಬರ್ 2ರಂದು ರಾಜೀವ್ ಚಂದ್ರಶೇಖರ್ ಕೇಳಿದ ಪ್ರಶ್ನೆಗೆ ರಕ್ಷಣಾ ರಾಜ್ಯ ಸಚಿವ ರಾವ್ ಇಂದ್ರಜಿತ್ ಸಿಂಗ್ ರಾಜ್ಯಸಭೆಯಲ್ಲಿ ಲಿಖಿತ ಉತ್ತರ ಕೊಟ್ಟರು. ಯಾವಾಗಲೇ ನಿವೃತ್ತರಾಗಿರಲಿ, ಒಂದೇ ಶ್ರೇಣಿ, ಒಂದೇ ಅವಧಿಯ ಸೇವೆಗೆ ಸಮಾನ ಪಿಂಚಣಿ, ಮುಂದೆ ಪಿಂಚಣಿ ದರ ಏರಿದರೆ ಹಳಬರಿಗೂ ತಾನಾಗಿಯೇ ಸಿಗಬೇಕು ಎಂಬ ವಿವರಣೆ ಅದರಲ್ಲಿತ್ತು. ನೋಡಿ, ಎರಡು ಬಜೆಟ್ ಭಾಷಣಗಳಲ್ಲಿ ಸಿಗದ ಸ್ಪಷ್ಟತೆ ಒಂದು ಲಿಖಿತ ಪ್ರಶ್ನೆಯಿಂದ ಸಿಕ್ಕಿತು.

ಆದರೂ ಆದೇಶ ಬರಲಿಲ್ಲ. 2015ರ ಜೂನ್‌ನಲ್ಲಿ ದೆಹಲಿಯ ಜಂತರ್ ಮಂತರ್‌ನಲ್ಲಿ ಮಾಜಿ ಸೈನಿಕರು ಧರಣಿ ಕೂತರು. ಸೆಪ್ಟೆಂಬರ್ 5ರಂದು ರಕ್ಷಣಾ ಸಚಿವ ಮನೋಹರ್ ಪರಿಕ್ಕರ್ ಯೋಜನೆ ಘೋಷಿಸಿದರು. ನವೆಂಬರ್ 7ಕ್ಕೆ ಆದೇಶ ಹೊರಟಿತು, ಜಾರಿ 2014ರ ಜುಲೈ 1ರಿಂದ. ಅದರಲ್ಲಿ ಇದ್ದದ್ದು ತಾನಾಗಿ ಏರುವ ಪಿಂಚಣಿ ಅಲ್ಲ. 2013ರಲ್ಲಿ ನಿವೃತ್ತರಾದವರ ಕನಿಷ್ಠ ಮತ್ತು ಗರಿಷ್ಠ ಪಿಂಚಣಿಯ ಸರಾಸರಿ ಹಿಡಿದು ಎಲ್ಲರಿಗೂ ನಿಗದಿ ಮಾಡುವುದು, ಐದು ವರ್ಷಕ್ಕೊಮ್ಮೆ ಮತ್ತೆ ಲೆಕ್ಕ ಹಾಕುವುದು. ನಡುವಿನ ಐದು ವರ್ಷದಲ್ಲಿ ಹೊಸಬರಿಗೂ ಹಳಬರಿಗೂ ಮತ್ತೆ ಅಂತರ ಬೆಳೆಯುತ್ತದೆ. ಇದು ನಾವು ಕೇಳಿದ್ದಲ್ಲ, ಸದನದಲ್ಲಿ ಹೇಳಿದ್ದೂ ಇದಲ್ಲ ಎಂದು ಮಾಜಿ ಸೈನಿಕರ ಸಂಘಟನೆ 2016ರಲ್ಲಿ ಸುಪ್ರೀಂ ಕೋರ್ಟಿಗೆ ಹೋಯಿತು.

ತೀರ್ಪು ಬಂದದ್ದು 2022ರ ಮಾರ್ಚ್ 16ರಂದು. ನ್ಯಾಯಮೂರ್ತಿಗಳಾದ ಚಂದ್ರಚೂಡ್, ಸೂರ್ಯಕಾಂತ್ ಮತ್ತು ವಿಕ್ರಮನಾಥ್ ಅವರ ಪೀಠ ಮೇಲಿನ ಎಲ್ಲ ಹೇಳಿಕೆಗಳನ್ನೂ ಓದಿತು. ಸಂಸದೀಯ ಸಮಿತಿಯ ವರದಿಗಳನ್ನು ಕೋರ್ಟು ನೋಡಬಹುದು ಎಂದು 2018ರಲ್ಲೇ ಸಂವಿಧಾನ ಪೀಠ ಹೇಳಿತ್ತು, ಹಾಗಾಗಿ ಓದಲು ತೊಡಕಿರಲಿಲ್ಲ. ಆದರೆ ಕೋಶ್ಯಾರಿ ವರದಿ ಸರ್ಕಾರದ ನೀತಿಯಲ್ಲ, ನೀತಿ ಏನು ಎಂದು ತಿಳಿಯಬೇಕಾದ್ದು 2015ರ ನವೆಂಬರ್ 7ರ ಆದೇಶದಿಂದ ಎಂದಿತು. ಆ ಆದೇಶದಲ್ಲಿ ಸಂವಿಧಾನದ ದೃಷ್ಟಿಯಿಂದ ದೋಷವಿಲ್ಲ ಎಂದೂ ಹೇಳಿತು. ಸೈನಿಕರಿಗೆ ಗೆಲುವು ಸಿಕ್ಕಿದ್ದು ಇನ್ನೊಂದು ಕಡೆ. ಐದು ವರ್ಷಕ್ಕೊಮ್ಮೆ ಎಂದು ನೀವೇ ಬರೆದಿದ್ದೀರಿ, ಹಾಗಾದರೆ 2019ರ ಜುಲೈ 1ರಿಂದ ಮರುನಿಗದಿ ಮಾಡಿ ಬಾಕಿ ಕೊಡಿ ಎಂದು ಕೋರ್ಟು ಆದೇಶಿಸಿತು. ಅದೇ ವರ್ಷ ಡಿಸೆಂಬರ್‌ನಲ್ಲಿ ಸಂಪುಟ ಒಪ್ಪಿತು, ಫಲಾನುಭವಿಗಳು 25 ಲಕ್ಷಕ್ಕೂ ಮೇಲೆ. ಬಾಕಿ ಹಣ ಕಂತಿನಲ್ಲಿ ಕೊಡುವ ಬಗ್ಗೆ ಮತ್ತೆ ಜಗಳವಾಗಿ, ಕೊನೆಯ ಕಂತಿಗೆ 2024ರ ಫೆಬ್ರುವರಿ 28ರ ಗಡುವು ಹಾಕಬೇಕಾಯಿತು.

ಹಾಗಾದರೆ ಭರವಸೆಗೆ ಬೆಲೆ ಇಲ್ಲವೇ? ಇದೆ, ಆದರೆ ಅದರ ಜಾಗ ಸದನದೊಳಗೆ. ಅದನ್ನು ತೋರಿಸಿ ಕೋರ್ಟಿನಲ್ಲಿ ದುಡ್ಡು ಕೇಳಲು ಆಗುವುದಿಲ್ಲ. ಸಚಿವರು ಹಣದ ಮೊತ್ತ ಹೇಳಿ ಬಜೆಟ್‌ನಲ್ಲಿ ಓದಿದರೂ ಆದೇಶವಾಗುವ ತನಕ ಅದು ಕೈಗೆ ಬಂದ ತುತ್ತಲ್ಲ. ಆದರೆ ಅದೇ ಮಾತನ್ನು ಹಿಡಿದು ಮುಂದಿನ ಅಧಿವೇಶನದಲ್ಲಿ ಇನ್ನೊಬ್ಬ ಸದಸ್ಯರು 'ಮೂರು ತಿಂಗಳಾಯಿತು, ಏನಾಯಿತು?' ಎಂದು ಕೇಳಬಹುದು. ಸಮಿತಿ ಇಲಾಖೆಯ ಅಧಿಕಾರಿಗಳನ್ನು ಕರೆಸಿ ಕೂರಿಸಬಹುದು. ಕೇಳುವವರು ಇದ್ದರೆ ಮಾತ್ರ. ಯಾರೂ ಕೇಳದಿದ್ದರೆ ವರ್ಷಗಟ್ಟಲೆ ಬಾಕಿ ಪಟ್ಟಿಯಲ್ಲಿ ಸುಮ್ನೆ ಬಿದ್ದಿರುತ್ತದೆ.

ನಿಮ್ಮ ವಿಷಯದಲ್ಲಿ ಸಚಿವರು ಏನಾದರೂ ಹೇಳಿದ್ದಾರೆಯೇ ಎಂದು ನೋಡುವುದು ಈಗ ಕಷ್ಟವಲ್ಲ. ಸಂಸತ್ತಿನ ಜಾಲತಾಣದಲ್ಲಿ ಪ್ರಶ್ನೋತ್ತರಗಳನ್ನು ಸಚಿವಾಲಯ, ಸದಸ್ಯರ ಹೆಸರು, ದಿನಾಂಕದ ಪ್ರಕಾರ ಹುಡುಕಬಹುದು. ಭರವಸೆಗಳ ಸಮಿತಿಯ ವರದಿಗಳೂ ಅಲ್ಲೇ ಸಿಗುತ್ತವೆ. ಪ್ರಶ್ನೆ ಸಂಖ್ಯೆ ಮತ್ತು ದಿನಾಂಕ ಬರೆದುಕೊಂಡು ನಿಮ್ಮ ಸಂಸದರ ಕಚೇರಿಗೆ ಪತ್ರ ಕೊಡಿ. 'ನಮಗೆ ನ್ಯಾಯ ಕೊಡಿಸಿ' ಎಂದು ನಾಲ್ಕು ಪುಟ ಬರೆಯುವ ಬದಲು 'ಈ ದಿನ, ಈ ಪ್ರಶ್ನೆಗೆ, ಹೀಗೆ ಉತ್ತರಿಸಿದ್ದಾರೆ. ಅನುಷ್ಠಾನ ವರದಿ ಮಂಡನೆಯಾಗಿದೆಯೇ ಎಂದು ದಯವಿಟ್ಟು ಕೇಳಿ' ಎಂದರೆ ಅವರ ಆಪ್ತ ಸಹಾಯಕರಿಗೂ ಕೆಲಸ ಸುಲಭ. ರಾಜ್ಯದ ವಿಷಯವಾದರೆ ಶಾಸಕರಿಗೆ ಬರೆಯಿರಿ, ಕ್ರಮ ಇದೇ. ಅಧಿವೇಶನ ಶುರುವಾಗುವ ಮೊದಲೇ ಕೊಡಿ, ಏಕೆಂದರೆ ಪ್ರಶ್ನೆ ಸಲ್ಲಿಸಲು ಸದಸ್ಯರು ಕೆಲವು ದಿನ ಮುಂಚಿತವಾಗಿ ಸೂಚನೆ ಕೊಡಬೇಕಾಗುತ್ತದೆ.