ನೋಟಿಫಿಕೇಶನ್ ಒತ್ತಿದರೆ ಮುಖಪುಟವೇ ಏಕೆ ತೆರೆಯುತ್ತದೆ?

ಹೊಸ ಸಂದೇಶ ಬಂದಿದೆ ಎಂಬ ನೋಟಿಫಿಕೇಶನ್ ಒತ್ತುತ್ತೀರಿ. ಆ್ಯಪ್ ತೆರೆಯುತ್ತದೆ, ಆದರೆ ಕಾಣುವುದು ಸಂದೇಶವಲ್ಲ, ಮುಖಪುಟ. ಈಗ ಆ ಸಂದೇಶವನ್ನು ಬಳಕೆದಾರರೇ ಹುಡುಕಬೇಕು. ಫ್ಲಟರ್‌ನಲ್ಲಿ (ಆಂಡ್ರಾಯ್ಡ್, ಐಫೋನ್ ಎರಡಕ್ಕೂ ಒಂದೇ ಕೋಡ್‌ನಿಂದ ಆ್ಯಪ್ ಕಟ್ಟುವ ಸಾಧನ) ಮಾಡಿದ ಯಾವುದೇ ಆ್ಯಪ್ ಪರಿಶೀಲನೆಗೆ ಬಂದರೂ ನಾನು ಮೊದಲು ಅದನ್ನು ಇತ್ತೀಚಿನ ಆ್ಯಪ್‌ಗಳ ಪಟ್ಟಿಯಿಂದ ಸರಿಸಿ ಮುಚ್ಚಿ, ಆಮೇಲೆ ನೋಟಿಫಿಕೇಶನ್ ಕಳುಹಿಸಿ ಒತ್ತಿ ನೋಡುತ್ತೇನೆ. ಬಹುಪಾಲು ತಪ್ಪುಗಳು ಅಲ್ಲಿಯೇ ಸಿಕ್ಕಿಬೀಳುತ್ತವೆ.

ಒತ್ತಿದ್ದು ಮೊದಲು ತಿಳಿಯುವುದು ಆಪರೇಟಿಂಗ್ ಸಿಸ್ಟಂಗೆ. ಫ್ಲಟರ್‌ನ ಭಾಷೆಯಾದ ಡಾರ್ಟ್‌ನಲ್ಲಿ ಬರೆದ ನಮ್ಮ ಕೋಡ್ ಆಗ ಎದ್ದೇ ಇರದಿರಬಹುದು. ನೋಟಿಫಿಕೇಶನ್ ಕಳುಹಿಸಲು ಗೂಗಲ್‌ನ ಫೈರ್‌ಬೇಸ್ ಸೇವೆ ಬಳಸುವಾಗ, ಆ್ಯಪ್ ಹಿನ್ನೆಲೆಯಲ್ಲಿ ಜೀವಂತವಾಗಿದ್ದರೆ ಆನ್‌ಮೆಸೇಜ್‌ಓಪನ್ಡ್‌ಆ್ಯಪ್ ಸ್ಟ್ರೀಮ್‌ಗೆ (ನಮ್ಮ ಕೋಡ್ ಕಿವಿಗೊಟ್ಟಿರುವ ಸುದ್ದಿಗಳ ಹರಿವು) ಒತ್ತಿದ ಸುದ್ದಿ ಬರುತ್ತದೆ. ಪೂರ್ತಿ ಮುಚ್ಚಿದ್ದರೆ ಬರುವುದಿಲ್ಲ. ಗೆಟ್‌ಇನಿಶಿಯಲ್‌ಮೆಸೇಜ್ ಎಂಬ ಫಂಕ್ಷನ್ ಕರೆದು ನಾವೇ ಕೇಳಿ ಪಡೆಯಬೇಕು. ಅದು ಉತ್ತರ ಕೊಡುವುದೂ ಒಂದೇ ಸಲ. ಆ್ಯಪ್ ತೆರೆದಿರುವಾಗ ಲೋಕಲ್ ನೋಟಿಫಿಕೇಶನ್ ಪ್ಲಗಿನ್‌ನಿಂದ ನಾವೇ ತೋರಿಸಿದ ನೋಟಿಫಿಕೇಶನ್‌ಗೆ ದಾರಿಯೇ ಬೇರೆ: ಅದನ್ನು ಒತ್ತಿದರೆ ಸುದ್ದಿ ಆ ಪ್ಲಗಿನ್‌ನ ಕಾಲ್‌ಬ್ಯಾಕ್‌ಗೆ, ಅಂದರೆ ಒತ್ತಿದಾಗ ನಡೆಯಲೆಂದು ನಾವು ಕೊಟ್ಟಿಟ್ಟ ಫಂಕ್ಷನ್‌ಗೆ, ಹೋಗುತ್ತದೆ.

ಸುದ್ದಿ ತಲುಪಿದ ಮಾತ್ರಕ್ಕೆ ಪುಟ ತೆರೆಯಲು ಬರುವುದಿಲ್ಲ. ಪುಟಗಳನ್ನು ತೆರೆಯುವ ನ್ಯಾವಿಗೇಟರ್ ಸಿದ್ಧವಾಗಿರದಿರಬಹುದು, ಲಾಗಿನ್ ಪರಿಶೀಲನೆ ಮುಗಿದಿರದಿರಬಹುದು. ಇದಕ್ಕೆ ಎರಡು ಸೆಕೆಂಡ್ ಕಾಯುವ ಕೋಡ್ ಬರೆದವರನ್ನು ಕಂಡಿದ್ದೇನೆ. ವೇಗದ ಮೊಬೈಲ್‌ನಲ್ಲಿ ಅದು ವ್ಯರ್ಥ ಕಾಯುವಿಕೆ, ನಿಧಾನದ ಮೊಬೈಲ್‌ನಲ್ಲಿ ಸಾಲದ ಸಮಯ. ಅದರ ಬದಲು, ಮೂರೂ ದಾರಿಗಳಿಂದ ಬಂದ ಗುರಿಯನ್ನು, ಅಂದರೆ ಯಾವ ಪುಟ ತೆರೆಯಬೇಕು ಎಂಬುದನ್ನು, ಒಂದೇ ಕಡೆ ತೆಗೆದಿಡಿ. ಲಾಗಿನ್ ಖಚಿತವಾಗಿ ಮೊದಲ ಪುಟ ಮೂಡಿದ ಕೂಡಲೇ ಅದನ್ನು ತೆರೆದು, ಅಲ್ಲಿಂದ ಅಳಿಸಿಬಿಡಿ.

ಆಂಡ್ರಾಯ್ಡ್‌ನ ನೇಟಿವ್ ಭಾಗವನ್ನು (ಫ್ಲಟರ್ ಬಿಟ್ಟು ನೇರ ಆಂಡ್ರಾಯ್ಡ್‌ಗೇ ಬರೆಯುವ ಕೋಡ್) ಕಾಟ್ಲಿನ್ ಭಾಷೆಯಲ್ಲಿ ನೀವೇ ಬರೆದಿದ್ದರೆ ಇನ್ನೊಂದು ತಪ್ಪು ಕಾದಿರುತ್ತದೆ. ಆರ್ಡರ್ 101 ಮತ್ತು 102ರ ಎರಡು ನೋಟಿಫಿಕೇಶನ್‌ಗಳಿವೆ ಎಂದುಕೊಳ್ಳಿ. ಯಾವುದನ್ನು ಒತ್ತಿದರೂ 102 ತೆರೆಯುತ್ತದೆ. ಒತ್ತಿದಾಗ ಏನು ತೆರೆಯಬೇಕು ಎಂದು ಮೊದಲೇ ಆಂಡ್ರಾಯ್ಡ್‌ಗೆ ಕೊಟ್ಟಿಡುವ ಸೂಚನೆಯೇ ಪೆಂಡಿಂಗ್‌ಇಂಟೆಂಟ್. ಎರಡು ಪೆಂಡಿಂಗ್‌ಇಂಟೆಂಟ್‌ಗಳು ಒಂದೇ ಹೌದೋ ಅಲ್ಲವೋ ಎಂದು ನೋಡುವಾಗ ಆಂಡ್ರಾಯ್ಡ್ ಎಕ್ಸ್‌ಟ್ರಾಗಳನ್ನು (ಆರ್ಡರ್ ಸಂಖ್ಯೆಯಂತಹ ಜೊತೆಗಿಟ್ಟ ಮಾಹಿತಿ) ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಪೆಂಡಿಂಗ್‌ಇಂಟೆಂಟ್‌ಗೆ ನಾವು ಕೊಡುವ ಸಂಖ್ಯೆಯಾದ ರಿಕ್ವೆಸ್ಟ್ ಕೋಡ್ ಎರಡಕ್ಕೂ ಸೊನ್ನೆಯೇ ಆಗಿದ್ದು, ಇರುವುದನ್ನೇ ಹೊಸ ಮಾಹಿತಿಯಿಂದ ಬದಲಿಸು ಎನ್ನುವ ಅಪ್‌ಡೇಟ್ ಕರೆಂಟ್ ಫ್ಲ್ಯಾಗ್ ಕೊಟ್ಟಿದ್ದರೆ, ಎರಡನೆಯದರ ಮಾಹಿತಿ ಮೊದಲನೆಯದರ ಮೇಲೆ ಕೂರುತ್ತದೆ. ರಿಕ್ವೆಸ್ಟ್ ಕೋಡ್ ಬೇರೆ ಬೇರೆ ಕೊಟ್ಟರೆ ಸಾಕು, ಸರಿಹೋಗುತ್ತದೆ. ಪರೀಕ್ಷೆಗೆ ಒಂದೇ ನೋಟಿಫಿಕೇಶನ್ ಕಳುಹಿಸುವವರಿಗೆ ಈ ತಪ್ಪು ಕಣ್ಣಿಗೇ ಬೀಳುವುದಿಲ್ಲ. ದಯವಿಟ್ಟು ಎರಡು ಕಳುಹಿಸಿ, ಹಳೆಯದನ್ನು ಮೊದಲು ಒತ್ತಿ.

ಆಂಡ್ರಾಯ್ಡ್ 12 ಅಥವಾ ಅದರ ನಂತರದ ಆವೃತ್ತಿಯನ್ನು ಗುರಿಯಾಗಿಸಿದ ಆ್ಯಪ್‌ಗಳಲ್ಲಿ ಪೆಂಡಿಂಗ್‌ಇಂಟೆಂಟ್ ಬದಲಾಗಬಹುದೇ ಇಲ್ಲವೇ ಎಂದು ಫ್ಲ್ಯಾಗ್‌ನಿಂದ ಹೇಳಲೇಬೇಕು. ಒತ್ತನ್ನು ಪರದೆಯಿಲ್ಲದೆ ಹಿನ್ನೆಲೆಯಲ್ಲಿ ನಡೆಯುವ ರಿಸೀವರ್ ಅಥವಾ ಸರ್ವಿಸ್‌ನಲ್ಲಿ ಹಿಡಿದು ಅಲ್ಲಿಂದ ಪರದೆ ತೆರೆಯುವ ಹಳೆಯ ಪದ್ಧತಿಯೂ ಅಲ್ಲಿ ನಡೆಯುವುದಿಲ್ಲ. ನೇರವಾಗಿ ಆ್ಯಕ್ಟಿವಿಟಿಯನ್ನೇ (ಆಂಡ್ರಾಯ್ಡ್‌ನಲ್ಲಿ ಪರದೆಯನ್ನು ತೋರಿಸುವ ಭಾಗ) ಸೂಚಿಸಬೇಕು. ಐಫೋನ್‌ನಲ್ಲಾದರೆ ನೋಟಿಫಿಕೇಶನ್ ಸೆಂಟರ್‌ನ ಡೆಲಿಗೇಟನ್ನು (ಒತ್ತಿದ ಸುದ್ದಿ ಪಡೆಯುವ ನಮ್ಮ ಕೋಡ್) ಆ್ಯಪ್ ಆರಂಭದ ಹಂತ ಮುಗಿಯುವ ಮೊದಲೇ ಜೋಡಿಸಿ. ತಡವಾದರೆ, ಆ್ಯಪನ್ನು ಎಬ್ಬಿಸಿದ ಆ ಮೊದಲ ಒತ್ತೇ ಕೈತಪ್ಪಬಹುದು.