ಮೋಟಾರು ಮುಚ್ಚಿಡುವುದನ್ನು ಹಳದಿ ದೀಪ ಹೇಳುತ್ತದೆ

ತಿಪಟೂರು ಕಡೆಯ ತೆಂಗಿನ ಬೆಳೆಗಾರರೊಬ್ಬರು ಕಳೆದ ಬೇಸಿಗೆಯಲ್ಲಿ ಪೆಟ್ರೋಲ್ ಎಂಜಿನ್ನಿನ ಜೊತೆ ವಿದ್ಯುತ್ ಮೋಟಾರೂ ಇರುವ ತಮ್ಮ ಹೈಬ್ರಿಡ್ ಕಾರನ್ನು ತುಮಕೂರಿನ ನಮ್ಮ ಗ್ಯಾರೇಜಿಗೆ ತಂದಾಗ, ಡ್ಯಾಶ್‌ಬೋರ್ಡಿನಲ್ಲಿ ಎಂಜಿನ್ ಆಕಾರದ ಹಳದಿ ದೀಪ ಉರಿಯುತ್ತಿತ್ತು. ಅವರ ಕೈಯಲ್ಲಿ ಬೇರೊಂದು ಕಡೆ ಬರೆದುಕೊಟ್ಟ ಚೀಟಿಯೂ ಇತ್ತು. ಅದರಲ್ಲಿದ್ದದ್ದು ಕಾರಿನ ಕಂಪ್ಯೂಟರು ದಾಖಲಿಸಿದ ದೋಷದ ಸಂಕೇತ, ‘ಪಿ0ಎ80’. ಈ ಸಂಕೇತಕ್ಕೆ ಪುಸ್ತಕದಲ್ಲಿ ಕೊಟ್ಟಿರುವ ಅರ್ಥವೇ ‘ಹೈಬ್ರಿಡ್ ಬ್ಯಾಟರಿ ಪ್ಯಾಕ್ ಬದಲಿಸಿ’ ಎಂದಿರುವುದರಿಂದ, ಅದನ್ನು ಓದಿದವರು ಮುಂದೇನನ್ನೂ ನೋಡದೆ ಲಕ್ಷಗಳ ಲೆಕ್ಕ ಹೇಳಿಬಿಟ್ಟಿದ್ದರು.

ನಾವು ಎಂಜಿನ್ನಿನ ಜೊತೆಗೆ ಬ್ಯಾಟರಿ ನಿಯಂತ್ರಕವನ್ನೂ ಸ್ಕ್ಯಾನ್ ಮಾಡಿದಾಗ ಇನ್ನೊಂದು ಸಂಕೇತ ಸಿಕ್ಕಿತು: ‘ಪಿ0ಎ82’, ಅಂದರೆ ಬ್ಯಾಟರಿಯನ್ನು ತಂಪಾಗಿಡುವ ಫ್ಯಾನು ತನ್ನ ಕೆಲಸ ಮಾಡುತ್ತಿಲ್ಲ ಎಂಬ ದೂರು. ಹಿಂದಿನ ಸೀಟಿನ ಪಕ್ಕದಲ್ಲಿರುವ ಗಾಳಿಕಿಂಡಿಯ ಜಾಲರಿ ಬಿಚ್ಚಿದರೆ, ಒಳಗಿನ ಫಿಲ್ಟರಿನ ಮೇಲೆ ತೆಂಗಿನ ನಾರಿನ ಧೂಳು ಎಷ್ಟು ದಟ್ಟವಾಗಿ ಕೂತಿತ್ತೆಂದರೆ, ಉಗುರಿನಿಂದ ಒಂದು ಅಂಚು ಎತ್ತಿದಾಗ ಕಂಬಳಿಯ ತುಂಡಿನಂತೆ ಇಡಿಯಾಗಿ ಎದ್ದು ಬಂತು. ಹಿಂದಿನ ಸೀಟು ಮಡಚಿ ಕೊಬ್ಬರಿ ಚೀಲ ಸಾಗಿಸುವುದು ಅವರ ರೂಢಿ. ಚೀಲಗಳು ನೇರವಾಗಿ ಆ ಕಿಂಡಿಗೇ ಒತ್ತಿಕೊಂಡಿರುತ್ತಿದ್ದವು. ಬಹಳಷ್ಟು ಹೈಬ್ರಿಡ್ ಕಾರುಗಳ ದೊಡ್ಡ ಬ್ಯಾಟರಿ ತಂಪಾಗುವುದು ನಾವು ಕೂರುವ ಕ್ಯಾಬಿನ್ನಿನ ಗಾಳಿಯಿಂದಲೇ ಎಂಬುದನ್ನು ಕಾರು ಮಾರುವಾಗ ಯಾರೂ ಒತ್ತಿ ಹೇಳುವುದಿಲ್ಲ. ಆ ಗಾಳಿ ಸಿಗದಿದ್ದರೆ ಸೆಲ್‌ಗಳು ಕಾಯುತ್ತವೆ, ಎಲ್ಲವೂ ಒಂದೇ ಸಮನಾಗಿ ಕಾಯುವುದಿಲ್ಲ, ಅವುಗಳ ವೋಲ್ಟೇಜಿನಲ್ಲಿ ಏರುಪೇರಾಗುತ್ತದೆ, ಆ ಏರುಪೇರನ್ನು ಕಂಡ ನಿಯಂತ್ರಕ ಬ್ಯಾಟರಿಯೇ ಹಾಳಾಗಿದೆ ಎಂದು ತೀರ್ಮಾನಿಸುತ್ತದೆ. ಫಿಲ್ಟರು, ಫ್ಯಾನು ಎರಡನ್ನೂ ಶುಚಿ ಮಾಡಿದ ಮೇಲೆ ದೀಪ ಆರಿತು. ಒಂದು ಸೆಲ್ ಗುಂಪು ಮಾತ್ರ ಉಳಿದವಕ್ಕಿಂತ ತುಸು ಕೆಳಗೇ ಉಳಿದದ್ದರಿಂದ, ಮೂರು ತಿಂಗಳಿಗೆ ಮತ್ತೆ ತೋರಿಸಬೇಕೆಂದು ಹೇಳಿ ಕಳಿಸಿದೆ. ಬ್ಯಾಟರಿ ಬದಲಿಸಲೇಬೇಕಾದ ಪ್ರಸಂಗ ಬರುವುದೇ ಇಲ್ಲವೆಂದು ನಾನು ಹೇಳುತ್ತಿಲ್ಲ. ಆದರೆ ಆ ಮಾತಿಗೆ ಮೊದಲು ವಾರಂಟಿಯ ಕಾಗದ ತೆಗೆದು ನೋಡಬೇಕು. ಟೊಯೊಟಾ ಭಾರತದಲ್ಲಿ ತನ್ನ ಹೈಬ್ರಿಡ್ ಬ್ಯಾಟರಿಗೆ 8 ವರ್ಷ ಅಥವಾ 1,60,000 ಕಿ.ಮೀ. ವಾರಂಟಿ ಕೊಡುತ್ತದೆ.

ಸಾಮಾನ್ಯ ಪೆಟ್ರೋಲ್ ಕಾರಿಗಿಂತ ಹೈಬ್ರಿಡ್ ಕಾರಿನಲ್ಲಿ ಈ ದೀಪಕ್ಕೆ ಹೆಚ್ಚು ಬೆಲೆ ಕೊಡಬೇಕೆಂದು ನಾನು ಹೇಳುವುದಕ್ಕೆ ಒಂದು ಕಾರಣವಿದೆ. ಪೆಟ್ರೋಲ್ ಕಾರಿನ ಒಂದು ಸಿಲಿಂಡರಿನಲ್ಲಿ ಕಿಡಿ ಸರಿಯಾಗಿ ಹತ್ತದಿದ್ದರೆ ಸ್ಟೀರಿಂಗ್ ನಡುಗುತ್ತದೆ, ಗಾಡಿ ಜಗ್ಗುತ್ತದೆ, ಓಡಿಸುವವರಿಗೆ ಕೈಗೇ ಗೊತ್ತಾಗುತ್ತದೆ. ಹೈಬ್ರಿಡ್ಡಿನಲ್ಲಿ ಎಂಜಿನ್ ಎಲ್ಲಿ ಸೋಲುತ್ತದೋ ಅಲ್ಲಿ ವಿದ್ಯುತ್ ಮೋಟಾರು ಹೆಗಲು ಕೊಡುತ್ತದೆ, ಸಿಗ್ನಲ್ಲಿನಲ್ಲಿ ನಿಂತಾಗ ಎಂಜಿನ್ ಆರಿಯೇ ಇರುತ್ತದೆ, ಹೀಗಾಗಿ ಕಾಯಿಲೆ ಇದ್ದರೂ ಕಾರು ನುಣುಪಾಗಿಯೇ ಓಡುತ್ತದೆ. ತುಮಕೂರಿನಿಂದ ದಿನಾ ಬೆಂಗಳೂರಿಗೆ ಹೋಗಿಬರುವ ಗ್ರಾಹಕರೊಬ್ಬರು ಮೂರು ವಾರ ಈ ದೀಪ ಹೊತ್ತಿಸಿಕೊಂಡೇ ಓಡಾಡಿದ್ದರು. ಲೀಟರಿಗೆ 21 ಕಿ.ಮೀ. ಕೊಡುತ್ತಿದ್ದ ಕಾರು 17ಕ್ಕೆ ಇಳಿದಿದ್ದರೂ ಅದನ್ನು ನೆಲಮಂಗಲದ ಟ್ರಾಫಿಕ್ಕಿನ ತಲೆಗೆ ಕಟ್ಟಿದ್ದರು. ಹಾಳಾಗಿದ್ದದ್ದು ಕಿಡಿ ಹೊತ್ತಿಸುವ ಒಂದು ಇಗ್ನಿಷನ್ ಕಾಯಿಲ್. ಆದರೆ ಅಷ್ಟು ದಿನ ಉರಿಯದ ಪೆಟ್ರೋಲ್ ಹೊಗೆಕೊಳವೆಯಲ್ಲಿ ಹೊಗೆಯನ್ನು ಶುಚಿ ಮಾಡುವ ಕ್ಯಾಟಲಿಟಿಕ್ ಕನ್ವರ್ಟರಿಗೆ ಹೋಗಿ, ಅದರ ಬಿಲ್ಲು ಕಾಯಿಲಿನ ಬಿಲ್ಲಿಗಿಂತ ಹತ್ತಾರು ಪಟ್ಟು ದೊಡ್ಡದಾಯಿತು.

ದೀಪ ಸುಮ್ಮನೆ ಉರಿಯುತ್ತಿದ್ದು, ಕಾರಿನ ಓಟದಲ್ಲಿ ವ್ಯತ್ಯಾಸವಿಲ್ಲದಿದ್ದರೆ ಗಾಬರಿಯಿಂದ ರಸ್ತೆಯಂಚಿಗೆ ಹಾಕಬೇಕಾಗಿಲ್ಲ. ಪೆಟ್ರೋಲ್ ಮುಚ್ಚಳ ಸಡಿಲವಾಗಿದ್ದರೂ ದೀಪ ಹೊತ್ತೀತು, ಅದನ್ನು ‘ಕಟ್’ ಎನ್ನುವವರೆಗೆ ತಿರುಗಿಸಿ, ಒಂದೆರಡು ದಿನದಲ್ಲಿ ಪರೀಕ್ಷೆ ಮಾಡಿಸಿದರೆ ಸಾಕು. ದೀಪ ಮಿಣುಕುತ್ತಿದ್ದರೆ ಅದು ಬೇರೆಯೇ ಮಾತು. ಕಿಡಿ ತಪ್ಪುತ್ತಿದೆ, ಕನ್ವರ್ಟರು ಆಗಲೇ ಸುಡುತ್ತಿದೆ ಎಂದು ಅದರ ಅರ್ಥ. ಆಕ್ಸಲರೇಟರಿನಿಂದ ಕಾಲು ತೆಗೆದು, ಸುರಕ್ಷಿತ ಜಾಗ ನೋಡಿ ನಿಲ್ಲಿಸಬೇಕು. ಕೆಂಪು ದೀಪ ಬಂದರೆ, ಅಥವಾ ಹೈಬ್ರಿಡ್ ವ್ಯವಸ್ಥೆಯನ್ನು ಪರೀಕ್ಷಿಸಿ ನಿಲ್ಲಿಸಿ ಎಂಬ ಸಂದೇಶ ಬಂದರೆ, ಮುಂದಿನ ಊರಿನ ತನಕ ಎಂಬ ಚೌಕಾಸಿಯೂ ಬೇಡ.

ದೀಪ ಹೊತ್ತುವ ಮತ್ತು ಆರುವ ಕ್ರಮ ಗೊತ್ತಿದ್ದರೆ ಅರ್ಧ ಗೊಂದಲ ಕಡಿಮೆಯಾಗುತ್ತದೆ. ಹೊಗೆಗೆ ಸಂಬಂಧಿಸಿದ ಬಹುತೇಕ ದೋಷಗಳು ಸತತ ಎರಡು ಓಟಗಳಲ್ಲಿ (ಕಾರು ಚಾಲೂ ಮಾಡಿ ಓಡಿಸಿ ಆರಿಸುವವರೆಗೆ ಒಂದು ಓಟ) ಕಂಡರೆ ಮಾತ್ರ ದೀಪ ಹೊತ್ತುತ್ತದೆ. ಸತತ ಮೂರು ಓಟಗಳಲ್ಲಿ ದೋಷ ಕಾಣದಿದ್ದರೆ ತಾನಾಗಿ ಆರುತ್ತದೆ. ಆರಿದ ಮೇಲೂ ಎಂಜಿನ್ ಸುಮಾರು 40 ಸಲ ಕಾದು ತಣ್ಣಗಾಗುವವರೆಗೆ ಸಂಕೇತ ನೆನಪಿನಲ್ಲಿರುತ್ತದೆ. ಆದ್ದರಿಂದ ‘ನಿನ್ನೆ ಹೊತ್ತಿತ್ತು, ಇವತ್ತು ಇಲ್ಲ’ ಎಂದು ಬರುವವರನ್ನು ನಾನು ವಾಪಸು ಕಳಿಸುವುದಿಲ್ಲ. ರಿಪೇರಿಯಾದ ಮೇಲೆ ಊರೊಳಗೆ ಒಂದು ಸುತ್ತು ಹಾಕಿದರೆ ಹೈಬ್ರಿಡ್ಡಿಗೆ ಸಾಲದು, ಏಕೆಂದರೆ ಬಿ.ಎಚ್. ರಸ್ತೆಯ ದಟ್ಟಣೆಯಲ್ಲಿ ಅದರ ಎಂಜಿನ್ ನಿಂತಿರುವುದೇ ಹೆಚ್ಚು. ಶಿರಾ ಕಡೆಗೆ ಹೆದ್ದಾರಿಯಲ್ಲಿ ನಲವತ್ತು ಐವತ್ತು ಕಿಲೋಮೀಟರ್ ಓಡಿಸಿದ ನಂತರವೇ ಕಾರಿನ ಸ್ವಯಂಪರೀಕ್ಷೆಗಳು ಮುಗಿಯುತ್ತವೆ.

ದೋಷ ಕಂಡ ಕ್ಷಣದ ವೇಗ, ಎಂಜಿನ್ನಿನ ಸುತ್ತು, ಎಂಜಿನ್ ತಂಪಾಗಿಡುವ ದ್ರವವಾದ ಕೂಲಂಟಿನ ಬಿಸಿ ಇವೆಲ್ಲ ಸಂಕೇತದ ಜೊತೆಗೇ ದಾಖಲಾಗಿರುತ್ತವೆ. 12 ವೋಲ್ಟಿನ ಚಿಕ್ಕ ಬ್ಯಾಟರಿಯ ವೈರು ಬಿಚ್ಚಿ ದೀಪ ಆರಿಸುವ ಹಳೆಯ ಚಾಳಿಯಿಂದ ಆ ದಾಖಲೆ ಅಳಿಸಿಹೋಗುತ್ತದೆ. ಆಮೇಲೆ ನಮ್ಮದು ಕತ್ತಲಲ್ಲಿ ತಡಕಾಟ. ಆನ್‌ಲೈನಿನಲ್ಲಿ ಸಿಗುವ ಅಗ್ಗದ ಬ್ಲೂಟೂತ್ ಸ್ಕ್ಯಾನರ್ ಎಂಜಿನ್ನಿನ ಸಂಕೇತಗಳನ್ನು ಓದುತ್ತದೆ, ಆದರೆ ದೊಡ್ಡ ಬ್ಯಾಟರಿ, ಅದರ ವಿದ್ಯುತ್ತನ್ನು ಮೋಟಾರಿಗೆ ಹೊಂದುವಂತೆ ಬದಲಿಸುವ ಇನ್ವರ್ಟರ್, ಇವುಗಳ ನಿಯಂತ್ರಕಗಳ ಜೊತೆ ಬಹುಮಟ್ಟಿಗೆ ಅದು ಮಾತಾಡಲಾರದು.

ಒಮ್ಮೆಗೇ ಏಳೆಂಟು ದೀಪಗಳು ಹೊತ್ತಿಕೊಂಡರೆ ನಾನು ಮೊದಲು ನೋಡುವುದು 12 ವೋಲ್ಟಿನ ಚಿಕ್ಕ ಬ್ಯಾಟರಿಯನ್ನು. ಬಲವಾದ ಹೈಬ್ರಿಡ್ಡಿನಲ್ಲಿ, ಅಂದರೆ ಮೋಟಾರಿನ ಬಲದಿಂದಲೂ ಓಡಬಲ್ಲ ಕಾರಿನಲ್ಲಿ, ಎಂಜಿನ್ ಚಾಲೂ ಮಾಡುವುದು ದೊಡ್ಡ ಬ್ಯಾಟರಿ. ಚಿಕ್ಕದರ ಕೆಲಸ ಕಂಪ್ಯೂಟರುಗಳನ್ನು ಎಬ್ಬಿಸುವುದು ಮಾತ್ರ. ಹೀಗಾಗಿ ಅದು ಸೊರಗಿದಾಗ ಎಂಜಿನ್ ಎಳೆದೆಳೆದು ಚಾಲೂ ಆಗುವ ಹಳೆಯ ಸೂಚನೆ ಸಿಗುವುದಿಲ್ಲ. ನಿಂತ ಕಾರಿನಲ್ಲಿ 12.6 ವೋಲ್ಟ್ ಆಸುಪಾಸು ಇದ್ದರೆ ಸರಿ. 12ಕ್ಕಿಂತ ಕೆಳಗಿದ್ದರೆ ಉಳಿದ ಸಂಕೇತಗಳನ್ನು ನಂಬುವ ಮುಂಚೆ ಅದನ್ನು ಸರಿಪಡಿಸಬೇಕು.

ಇನ್ವರ್ಟರಿಗೆ ಪ್ರತ್ಯೇಕ ಕೂಲಂಟ್ ಡಬ್ಬಿ ಇರುವ ಕಾರುಗಳಲ್ಲಿ ಅದರ ಮಟ್ಟವನ್ನೂ ನೋಡಬೇಕು, ಅದೂ ತಣ್ಣಗಿರುವಾಗ. ಏಳು ಜನ ಕೂತು ದೇವರಾಯನದುರ್ಗದ ಬೆಟ್ಟ ಹತ್ತುವಾಗ ಎಳೆತ ಕುಗ್ಗಿ ಎಚ್ಚರಿಕೆ ಬಂದರೆ ಅನುಮಾನ ಮೊದಲು ಹೋಗಬೇಕಾದದ್ದು ಈ ಕೂಲಂಟು ಮತ್ತು ಅದನ್ನು ಹರಿಸುವ ಪಂಪಿನ ಕಡೆಗೆ. ಡಬ್ಬಿ ಖಾಲಿಯಿದೆಯೆಂದು ನಮ್ಮ ಜಿಲ್ಲೆಯ ಗಡಸು ಬೋರ್‌ವೆಲ್ ನೀರು ಸುರಿಯುವುದು, ಸ್ನಾನದ ಹಂಡೆಯಲ್ಲಿ ಕಟ್ಟುವ ಬಿಳಿ ಪದರವನ್ನು ಇನ್ವರ್ಟರಿನ ನಾಳಗಳಿಗೆ ಕಳಿಸಿದಂತೆ.

ಬಾನೆಟ್ ಎತ್ತುವವರಿಗೆ ಎರಡು ಮಾತು. ‘ರೆಡಿ’ ದೀಪ ಉರಿಯುತ್ತಿದ್ದರೆ ಎಂಜಿನ್ ಸದ್ದಿಲ್ಲದಿದ್ದರೂ ಕಾರು ಎಚ್ಚರವಾಗಿದೆ, ಯಾವ ಕ್ಷಣದಲ್ಲಾದರೂ ಎಂಜಿನ್ ತಾನಾಗಿ ತಿರುಗೀತು. ಕಿತ್ತಳೆ ಬಣ್ಣದ ಕೇಬಲ್‌ಗಳನ್ನು ಮುಟ್ಟಬಾರದು. ಇನ್ನೋವಾ ಹೈಕ್ರಾಸ್‌ನ ಬ್ಯಾಟರಿಯೇ 200 ವೋಲ್ಟ್ ಮೀರುತ್ತದೆ. ನಾವು ಕೂಡ ದೊಡ್ಡ ಬ್ಯಾಟರಿಯ ಸಂಪರ್ಕ ಕಡಿಯುವ ಸರ್ವಿಸ್ ಪ್ಲಗ್ ಕಿತ್ತು, ಕೆಪಾಸಿಟರಿನಲ್ಲಿ ಉಳಿದ ವಿದ್ಯುತ್ತು ಇಳಿಯಲೆಂದು 10 ನಿಮಿಷ ಕಾದು, ರಬ್ಬರ್ ಗವಸು ತೊಟ್ಟೇ ಕೈ ಹಾಕುತ್ತೇವೆ. ಹಿಂಬದಿಯಲ್ಲಿ ‘ಸ್ಮಾರ್ಟ್ ಹೈಬ್ರಿಡ್’ ಎಂದು ಬರೆದ ಕಾರುಗಳು ಸೌಮ್ಯ ಹೈಬ್ರಿಡ್‌ಗಳು. ಮೋಟಾರಿನ ಬಲದಿಂದಲೇ ಓಡುವ ಶಕ್ತಿ ಅವಕ್ಕಿಲ್ಲ, ಇಲ್ಲಿ ಹೇಳಿದ ದೊಡ್ಡ ಬ್ಯಾಟರಿಯ ಚಿಂತೆಯೂ ಅವುಗಳ ಮಾಲೀಕರಿಗೆ ಬೇಡ.

ಕಾರು ಪೂರಾ ನಿಂತೇಬಿಟ್ಟಾಗ ಹಳ್ಳಿಗಳಲ್ಲಿ ತಕ್ಷಣ ಹೊಳೆಯುವ ಉಪಾಯವೆಂದರೆ ಟ್ರ್ಯಾಕ್ಟರಿಗೆ ಹಗ್ಗ ಕಟ್ಟಿ ಎಳೆಸುವುದು. ಮುಂದಿನ ಚಕ್ರಗಳಿಂದ ಓಡುವ ಹೈಬ್ರಿಡ್ಡಿಗೆ ಇದು ಕೂಡದು: ಚಕ್ರ ಉರುಳಿದರೆ ಅದಕ್ಕೆ ಕೂಡಿಕೊಂಡ ಮೋಟಾರೂ ತಿರುಗುತ್ತದೆ, ತಿರುಗಿದ ಮೋಟಾರು ಡೈನಮೋದಂತೆ ವಿದ್ಯುತ್ತು ಹುಟ್ಟಿಸುತ್ತದೆ, ಸಣ್ಣ ದೋಷವಿದ್ದ ಕಡೆ ದೊಡ್ಡದಾಗುತ್ತದೆ, ಬೆಂಕಿಯ ಭಯವೂ ಇದೆ. ಮುಂದಿನ ಎರಡೂ ಚಕ್ರಗಳು ನೆಲ ಬಿಟ್ಟಿರಬೇಕು, ಇಲ್ಲವೇ ಇಡೀ ಕಾರು ಫ್ಲ್ಯಾಟ್‌ಬೆಡ್ ಲಾರಿಯ ಮೇಲಿರಬೇಕು. ಲಾರಿ ಬರುವುದು ತಡವಾದರೆ, ಆ ಹೊತ್ತಿನಲ್ಲಿ ಡ್ಯಾಶ್‌ಬೋರ್ಡಿನ ಎಲ್ಲ ದೀಪಗಳೂ ಕಾಣುವಂತೆ ಫೋನಿನಲ್ಲಿ ಒಂದು ಫೋಟೋ ತೆಗೆದಿಟ್ಟುಕೊಳ್ಳಿ. ಗ್ಯಾರೇಜಿಗೆ ಬರುವಷ್ಟರಲ್ಲಿ ಅವುಗಳಲ್ಲಿ ಎರಡು ಮೂರು ಆರಿಹೋಗಿರುತ್ತವೆ.