ವ್ಯಾಕರಣದ ಟೈಪ್, ಭಾಷೆಯ ಟೈಪ್: ಎರಡೂ ಕಲಸಿಹೋದದ್ದು ಹೇಗೆ?

ಥಿಯರಿ ಆಫ್ ಕಂಪ್ಯುಟೇಶನ್ (ಕಂಪ್ಯೂಟರಿಗೆ ಯಾವುದು ಸಾಧ್ಯ, ಯಾವುದು ಅಸಾಧ್ಯ ಎಂದು ನೋಡುವ ಗಣಿತ) ಓದುವವರೆಲ್ಲ ಬಿಡಿಸುವ ಚಿತ್ರ ಒಂದೇ: ಒಂದರೊಳಗೊಂದು ನಾಲ್ಕು ವೃತ್ತ, ಹೊರಗೆ ನಿಯಮಗಳಿಗೆ ಕಟ್ಟಿಲ್ಲದ ಟೈಪ್ 0, ನಡುವೆ ಅತಿ ಬಿಗಿಯಾದ ಟೈಪ್ 3. ಆ ವೃತ್ತಗಳಲ್ಲಿ ಇರುವುದು ಭಾಷೆಗಳು, ಅಂದರೆ ಅಕ್ಷರಸಾಲುಗಳ ಗುಂಪುಗಳು. ಪ್ರಶ್ನೆಪತ್ರಿಕೆ ಕೊಡುವುದು ವ್ಯಾಕರಣ, ಅಂದರೆ ಆ ಸಾಲುಗಳನ್ನು ಹುಟ್ಟಿಸುವ ನಿಯಮಗಳ ಪಟ್ಟಿ. ಒಂದೇ ಭಾಷೆಗೆ ಹಲವು ವ್ಯಾಕರಣ ಇರಬಹುದು; ಅವುಗಳಲ್ಲಿ ಅತಿ ಬಿಗಿಯಾದದ್ದರ ಟೈಪೇ ಭಾಷೆಯ ಟೈಪ್.

ಭಾಷಾವಿಜ್ಞಾನಿ ನೋಮ್ ಚಾಮ್‌ಸ್ಕಿ 1959ರಲ್ಲಿ ಟೈಪ್ ನಂಬರ್ ಕೊಟ್ಟಾಗ ಅವರ ಕಣ್ಣು ಮನುಷ್ಯರ ಭಾಷೆಯ ಮೇಲಿತ್ತು. ಮರುವರ್ಷ ಆಲ್ಗಾಲ್ 60 ಎಂಬ ಪ್ರೋಗ್ರಾಮಿಂಗ್ ಭಾಷೆಯ ವರದಿ ಬಂತು. ಅದರ ನಿಯಮಗಳನ್ನು ಬರೆದ ಬಿಎನ್‌ಎಫ್ ಎಂಬ ಬರವಣಿಗೆ ಟೈಪ್ 2ಕ್ಕೆ (ನಿಯಮದ ಎಡಬದಿಯಲ್ಲಿ ಒಂದೇ ಚರ, ಅಂದರೆ ಮುಂದೆ ಬದಲಾಗಬೇಕಾದ ಒಂದೇ ಚಿಹ್ನೆ) ಸಮ ಎಂದು 1962ರಲ್ಲಿ ಗಿನ್ಸ್‌ಬರ್ಗ್ ಮತ್ತು ರೈಸ್ ತೋರಿಸಿದರು. ಅದೇ 1962ರಲ್ಲಿ ಫ್ಲಾಯ್ಡ್ ಬೇರೆಯದನ್ನು ಸಾಧಿಸಿದರು: ಹೆಸರನ್ನು ಘೋಷಿಸಿಯೇ ಬಳಸಬೇಕು ಎಂಬ ಕಟ್ಟಳೆಯಿಂದಾಗಿ ಆಲ್ಗಾಲ್ ಟೈಪ್ 2ರಲ್ಲಿ ಹಿಡಿಯದು. ಪ್ರೋಗ್ರಾಮನ್ನು ಯಂತ್ರದ ಭಾಷೆಗೆ ತರುವ ಕಂಪೈಲರ್‌ಗಳು ಇಂದಿಗೂ ಆ ಕೆಲಸವನ್ನು ವ್ಯಾಕರಣಕ್ಕೆ ಬಿಡದೆ ಸಿಂಬಲ್ ಟೇಬಲ್‌ನಲ್ಲಿ (ಘೋಷಿಸಿದ ಹೆಸರುಗಳ ಪಟ್ಟಿ) ಮುಗಿಸುತ್ತವೆ.

ತೊಡಕು ಬಿಗಿಯಾದದ್ದು ಪಾಠಕ್ಕಿಳಿದ ಮೇಲೆ. ಮೊದಲನೆಯದು ಎಪ್ಸಿಲಾನ್, ಅಂದರೆ ಒಂದೂ ಅಕ್ಷರವಿಲ್ಲದ ಖಾಲಿ ಸಾಲು. ಟೈಪ್ 1ರಲ್ಲಿ ನಿಯಮದ ಬಲಬದಿ ಎಡಬದಿಗಿಂತ ಗಿಡ್ಡವಾಗಬಾರದು. ಆದರೆ ಟೈಪ್ 2ರಲ್ಲಿ 'ಪ → ಖಾಲಿ' ಎಂದು ಬರೆಯುವುದು ಅನುಕೂಲವೆಂದು ರೂಢಿಗೆ ಬಂತು. ಅಲ್ಲಿಗೆ ಟೈಪ್ 2 ವ್ಯಾಕರಣ ಟೈಪ್ 1ರ ಷರತ್ತನ್ನೇ ಮುರಿಯಿತು. ರಿಪೇರಿ ಇದೆ: ಖಾಲಿ ನಿಯಮಗಳನ್ನು ತೆಗೆದು, ಬೇಕಿದ್ದರೆ ಹೊಸ ಆರಂಭ ಚಿಹ್ನೆಗೆ ಮಾತ್ರ ಖಾಲಿ ಕೊಟ್ಟು, ಅದು ಯಾವ ಬಲಬದಿಯಲ್ಲೂ ಬರದಂತೆ ನೋಡಿಕೊಳ್ಳಬೇಕು. ಈ ಅಡಿಟಿಪ್ಪಣಿಯನ್ನೇ ಹಾರಿಸಿಬಿಡುವುದು ಸಾಮಾನ್ಯ.

ಎರಡನೆಯದು ಇನ್ನೂ ಜಾರು. ಇಲ್ಲಿ 'ವಾ', 'ಪ' ಚರಗಳು, 'ಕ', 'ಗ' ಅಕ್ಷರಗಳು, '|' ಎಂದರೆ 'ಅಥವಾ'.

ವಾ → ಕ ಪ | ಖಾಲಿ
ಪ → ವಾ ಗ

ಟೈಪ್ 3ರಲ್ಲಿ ಬಲಬದಿಗೆ ಹೆಚ್ಚೆಂದರೆ ಒಂದು ಚರ, ಅದೂ ಎಲ್ಲ ನಿಯಮಗಳಲ್ಲಿ ಒಂದೇ ತುದಿಯಲ್ಲಿರಬೇಕು. ಒಂದೊಂದೇ ಸಾಲು ನೋಡಿದರೆ ಇದು ಟೈಪ್ 3 ಅನ್ನಿಸುತ್ತದೆ. ಆದರೆ ಒಂದು ಸಾಲಿನಲ್ಲಿ ಚರ ಬಲತುದಿಯಲ್ಲಿದೆ, ಇನ್ನೊಂದರಲ್ಲಿ ಎಡತುದಿಯಲ್ಲಿದೆ. ಬೆರೆಸಿದಾಗ ಹುಟ್ಟುವುದು ಖಾಲಿ ಸಾಲು, ಕಗ, ಕಕಗಗ, ಕಕಕಗಗಗ, ಹೀಗೆ. ಎಷ್ಟು 'ಕ' ಬಂತೆಂದು ನೆನಪಿಡಲು ಸ್ಟ್ಯಾಕ್ (ಒಂದರ ಮೇಲೊಂದು ಪೇರಿಸುವ ನೆನಪು) ಬೇಕು. ಟೈಪ್ 3 ಭಾಷೆಗಳನ್ನು ಗುರುತಿಸುವ, ನೆನಪಿಗೆ ಮಿತಿಯಿರುವ ಫೈನೈಟ್ ಆಟೊಮ್ಯಾಟನ್‌ಗೆ ಆಗದು. ಇದಕ್ಕೆ ತಿರುಗುಮುರುಗು: 'ವಾ → ಕ ವಾ ಕ | ಕ'. ವ್ಯಾಕರಣ ಟೈಪ್ 2, ಭಾಷೆಯಾದರೋ ಬೆಸ ಸಂಖ್ಯೆಯ 'ಕ'ಗಳು, ಅಂದರೆ ಅಪ್ಪಟ ಟೈಪ್ 3.

ಪಾರ್ಸರ್ (ವ್ಯಾಕರಣದಂತೆ ಪ್ರೋಗ್ರಾಮಿನ ರಚನೆ ಬಿಡಿಸುವ ಸಾಫ್ಟ್‌ವೇರ್) ಬರೆಯುವವರಿಗೆ ವೃತ್ತಗಳಿಗಿಂತ ಉಪಯೋಗಕ್ಕೆ ಬಂದದ್ದು 1965ರಲ್ಲಿ ಕ್ನೂತ್ ಕೊಟ್ಟ ಎಲ್‌ಆರ್ ಗೆರೆ: ಎಡದಿಂದ ಬಲಕ್ಕೆ, ಹಿಂದಿರುಗದೆ ಓದಿ ಬಿಡಿಸಬಲ್ಲ ವ್ಯಾಕರಣಗಳನ್ನು ಬೇರ್ಪಡಿಸುವ ಗೆರೆ. ಅದು ಟೈಪ್ 2ರ ಒಳಗೇ ಹಾಯುತ್ತದೆ, ಚಿತ್ರದಲ್ಲಿ ಕಾಣುವುದಿಲ್ಲ. ಮನುಷ್ಯಭಾಷೆಯ ಕಡೆ, ಸ್ವಿಸ್ ಜರ್ಮನ್ ವಾಕ್ಯಗಳು ಟೈಪ್ 2ನ್ನು ದಾಟುತ್ತವೆಂದು 1985ರಲ್ಲಿ ಶೀಬರ್ ತೋರಿಸಿದರು.

ವ್ಯಾಕರಣದ ಟೈಪ್ ಹೇಳಲು ನಿಯಮಗಳ ಮೇಲೆ ಕಣ್ಣಾಡಿಸಿದರೆ ಸಾಕು. ಟೈಪ್ 2 ವ್ಯಾಕರಣವೊಂದು ಹುಟ್ಟಿಸುವ ಭಾಷೆ ಟೈಪ್ 3 ಹೌದೋ ಅಲ್ಲವೋ ಎಂದು ಎಲ್ಲ ಸಂದರ್ಭದಲ್ಲೂ ಹೇಳುವ ಆಲ್ಗರಿದಮ್ ಮಾತ್ರ ಇಲ್ಲ, ಇರಲೂ ಸಾಧ್ಯವಿಲ್ಲ.